ಉಗುಳಿದವನಿಗೆ ದಂಡ, ಉಗುಳಿಸಿದವನಿಗೆ ಪಲ್ಲಕ್ಕಿ

ಕಳೆದ ತಿಂಗಳು ದಾವಣಗೆರೆಯ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿ ಕೂಲಿಯ ಮಾತುಕತೆ ನಡೆಯಿತು. ಚೀಲಕ್ಕೆ ಇಷ್ಟೆಂದು ಕೊಡುವ ಹಮಾಲಿ ದರವನ್ನು ಹೆಚ್ಚಿಸಬೇಕೆಂಬುದು ನಮ್ಮ ಬೇಡಿಕೆ. ಮೇಜಿನ ಆ ಕಡೆ ಮಾಲೀಕರು ಮತ್ತು ಅವರ ಗುಮಾಸ್ತರು. ಈ ಕಡೆ ಐದು ಮಂದಿ ಹಮಾಲರು ಮತ್ತು ನಾನು. ಒಂದು ಗಂಟೆ ಕಾಲ ಲೆಕ್ಕ ಹೇಳಿದೆವು. ಎಣ್ಣೆಯ ಬೆಲೆ, ಬೇಳೆಯ ಬೆಲೆ, ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಜು, ಯಾವುದನ್ನೂ ಬಿಡಲಿಲ್ಲ. ಮಾಲೀಕರು ಎಲ್ಲವನ್ನೂ ಸಾವಧಾನದಿಂದ ಕೇಳಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಕಿಟಕಿಯ ಆಚೆಗಿನ ಗೋಡೆಯನ್ನು ತೋರಿಸಿದರು. ಗೋಡೆಯ ತುಂಬ ಕೆಂಪು ಕಲೆ.

"ನೋಡ್ರೀ ಮೇಷ್ಟ್ರೇ, ನಾನು ಕೊಡೋ ಕೂಲಿ ಅಲ್ಲೈತಿ. ಇನ್ನೂ ಹೆಚ್ಚು ಕೊಟ್ರೆ ಇನ್ನೊಂದು ಗೋಡೆ ಕೆಂಪಾಗ್ತತಿ, ಅಷ್ಟೆ" ಎಂದರು.

ಗುಮಾಸ್ತರು ನಕ್ಕರು. ನಮ್ಮವರು ತಲೆ ತಗ್ಗಿಸಿದರು. ನಾನೂ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ನಮ್ಮ ಐವರು ಹಮಾಲರ ಪೈಕಿ ಮೂವರ ಬಾಯಿ ತುಂಬಿತ್ತು. ಉತ್ತರ ಕೊಡುವುದಕ್ಕೆ ಮೊದಲು ಅವರು ಉಗುಳಲು ಜಾಗ ಹುಡುಕಬೇಕಾಗಿತ್ತು.

ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ ನಮ್ಮ ಹಿರಿಯರು. ಬಾಯಿಯೇ ಅಡವಾಗಿ ಹೋದರೆ ಸುಗ್ಗಿಯಲ್ಲೂ ಬದುಕಿಲ್ಲ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಅಂದು ಕೊಡದ ಉತ್ತರವನ್ನು ಇಂದು ಈ ಪತ್ರಿಕೆಯಲ್ಲಿ ಕೊಡುತ್ತಿದ್ದೇನೆ. ಅದರಲ್ಲಿ ಅರ್ಧ ಮಾಲೀಕರಿಗೆ, ಕಾಲು ಪಾಲು ಸರಕಾರಕ್ಕೆ, ಉಳಿದ ಕಾಲು ಪಾಲು ನಮಗೇ.

ಮೊದಲು ಸತ್ಯವನ್ನು ಒಪ್ಪಿಕೊಳ್ಳೋಣ

ಶತ್ರುವಿನ ಬಾಯಲ್ಲಿ ಬಂದರೂ ನಿಜ ನಿಜವೇ. ನಾವು ಜಗಿಯುತ್ತೇವೆ, ಬಹಳ ಜಗಿಯುತ್ತೇವೆ. 2016-17ರಲ್ಲಿ ಭಾರತ ಸರಕಾರದ ಆರೋಗ್ಯ ಇಲಾಖೆ ನಡೆಸಿದ ತಂಬಾಕು ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಪೈಕಿ ನೂರಕ್ಕೆ 21.4 ಜನ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ಲೆಕ್ಕ ಹಾಕಿದರೆ ಸುಮಾರು 20 ಕೋಟಿ ಬಾಯಿಗಳು. ಗಂಡಸರಲ್ಲಿ ನೂರಕ್ಕೆ 29.6, ಹೆಂಗಸರಲ್ಲಿ 12.8. ಬೀಡಿ ಸಿಗರೇಟು ಸೇದುವವರು ಒಟ್ಟು ನೂರಕ್ಕೆ 10.7 ಮಾತ್ರ. ಅಂದರೆ ಈ ದೇಶದಲ್ಲಿ ಸೇದುವವನಿಗಿಂತ ಜಗಿಯುವವನೇ ಇಮ್ಮಡಿ. ಕರ್ನಾಟಕದಲ್ಲಿಯೂ ಹಾಗೆಯೇ: ಸೇದುವವರು ನೂರಕ್ಕೆ 8.8, ಜಗಿಯುವವರು 16.3. ಇವರಲ್ಲಿ ಹೆಚ್ಚಿನವರು ಎಂದೋ ಒಮ್ಮೆ ಬಾಯಿಗೆ ಹಾಕುವವರಲ್ಲ, ದಿನವೂ ಹಾಕುವವರು. ಓದು ಕಡಿಮೆಯಾದಷ್ಟೂ, ಆದಾಯ ಕಡಿಮೆಯಾದಷ್ಟೂ ಜಗಿಯುವವರ ಸಂಖ್ಯೆ ಏರುತ್ತದೆ ಎಂಬುದನ್ನೂ ಇಂಥ ಸಮೀಕ್ಷೆಗಳು ತೋರಿಸಿವೆ.

ಫಲವೇನು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯವರು 2024ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. 2022ರಲ್ಲಿ ಭಾರತದಲ್ಲಿ ಹೊಸದಾಗಿ ಕಾಣಿಸಿಕೊಂಡ ಬಾಯಿ ಕ್ಯಾನ್ಸರುಗಳ ಪೈಕಿ ಸುಮಾರು 83,400ಕ್ಕೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯೇ ಕಾರಣ ಎಂದು ಅವರ ಅಂದಾಜು. ಒಂದು ತಾಲ್ಲೂಕು ಕೇಂದ್ರದ ಇಡೀ ಜನಸಂಖ್ಯೆಯಷ್ಟು ಮಂದಿ, ಒಂದೇ ವರ್ಷದಲ್ಲಿ! ಇವರಲ್ಲಿ ಎಷ್ಟು ಜನ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹುಬ್ಬಳ್ಳಿಯ ನವನಗರಕ್ಕೋ ಸಕಾಲಕ್ಕೆ ಮುಟ್ಟಿದರು? ಎಷ್ಟು ಜನ ಗಾಯಕ್ಕೆ ಅರಿಸಿನ ಹಚ್ಚಿಕೊಂಡು ಮನೆಯಲ್ಲೇ ಕುಳಿತರು? ನಮ್ಮ ಕೇರಿಗಳನ್ನು ಬಲ್ಲವರಿಗೆ ಉತ್ತರ ಗೊತ್ತಿದೆ.

ಇಷ್ಟನ್ನು ಒಪ್ಪಿಕೊಂಡ ಮೇಲೆ ಮಾಲೀಕರನ್ನು ಒಂದು ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಸ್ವಾಮಿ, ಗೋಡೆಯ ಕಲೆಯನ್ನು ತೋರಿಸಿದಿರಿ. ಆ ಬಾಯಿಗೆ ಅದನ್ನು ತುಂಬಿದ್ದು ಯಾರು?

ಗಿರಣಿಯ ಒಳಗಿನ ಕಾರಣ

ಈ ಊರು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಆ ಗಿರಣಿಗಳು ಮುಚ್ಚಿ ವರ್ಷಗಳೇ ಆದವು. ಅವುಗಳ ಹಳೆಯ ಕಾರ್ಮಿಕರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ. ಹತ್ತಿಯ ಮನೆಯಲ್ಲಿ ಒಂದು ಕಡ್ಡಿ ಗೀರಿದರೆ ಗಿರಣಿಯೇ ಬೂದಿಯಾಗುತ್ತದೆ. ಆದುದರಿಂದ ಬೀಡಿಗೆ ಗೇಟಿನಲ್ಲೇ ತಡೆ. ಆದರೆ ಪಾಳಿಯನ್ನು ದೂಡುವುದು ಹೇಗೆ? ಎರಡು ಕೈಗಳೂ ನೂಲಿನ ಮೇಲೆ, ಕಣ್ಣು ಯಂತ್ರದ ಮೇಲೆ, ಗಂಟಲಿನ ತುಂಬ ಹತ್ತಿಯ ದೂಳು. ಬೆಂಕಿ ಬೇಡದ, ಕೈ ಬೇಡದ, ಮೇಸ್ತ್ರಿಯ ಕಣ್ಣಿಗೆ ಬೀಳದ ಒಂದೇ ವಸ್ತು ಕೆನ್ನೆಯೊಳಗಿನ ಹೊಗೆಸೊಪ್ಪು. ಹೊಗೆಸೊಪ್ಪು ಎಂಬ ಹೆಸರೇ ಹೊಗೆಯದು. ಗಿರಣಿಯಲ್ಲಿ ಅದು ಹೊಗೆಯಿಲ್ಲದೆ ಮನುಷ್ಯನನ್ನು ಸುಡುವ ಸೊಪ್ಪಾಯಿತು.

ಇಂದು ಅಕ್ಕಿ ಗಿರಣಿಯಲ್ಲಿಯೂ ಮಂಡಕ್ಕಿ ಭಟ್ಟಿಯಲ್ಲಿಯೂ ಅದೇ ಕಥೆ. ಹೊಟ್ಟು, ದೂಳು, ಬಿಸಿ. ಒಬ್ಬ ಹಮಾಲ ನನಗೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಮೇಷ್ಟ್ರೇ, ಹಾಕ್ಕಂಡ್ರೆ ಹಸಿವು ತಿಳಿಯಲ್ಲ, ನಿದ್ದಿ ಬರಲ್ಲ. ಹೊಟ್ಟಿ ತುಂಬ ಉಂಡ್ರೆ ಚೀಲ ಎತ್ತಾಕಾಗಲ್ಲ. ಖಾಲಿ ಹೊಟ್ಟೀಲಿ ಎತ್ತಬೇಕಂದ್ರೆ ಇದು ಬೇಕೇಬೇಕು." ಈ ಮೂರು ವಾಕ್ಯಗಳಲ್ಲಿ ಹಸಿವು, ನಿದ್ದೆ, ಭಾರ ಮೂರೂ ಬಂದವು. ಚಟದ ಮಾತೆಲ್ಲಿ ಬಂತು? ಇದು ಕೆಲಸದ ಮಾತು. ರಾತ್ರಿಪಾಳಿಯಲ್ಲಿ ದುಡಿಯುವವನಿಗೆ ಚಹಾ ಕೊಡದೆ, ಕುಡಿಯಲು ತಣ್ಣೀರು ಇಡದೆ, ಕುಳಿತು ಉಣ್ಣಲು ನೆರಳು ಕೊಡದೆ, ಬುತ್ತಿ ಬಿಚ್ಚಲು ಅರ್ಧ ಗಂಟೆ ಬಿಡದೆ ದುಡಿಸಿಕೊಂಡರೆ ಆತ ಆ ಅರ್ಧ ಗಂಟೆಯನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಾನೆ. ಅವನ ಹಸಿವನ್ನು ಕೊಂದು, ಅವನ ನಿದ್ದೆಯನ್ನು ಕೊಂದು ಉಳಿದ ಗಂಟೆಗಳ ದುಡಿಮೆ ಯಾರ ತಿಜೋರಿ ಸೇರಿತು? ಕೂಲಿ ಗೋಡೆಯ ಮೇಲಿದ್ದರೆ ಲಾಭವೂ ಅದೇ ಗೋಡೆಯ ಹಿಂದೆ ಇದೆ.

ಸರಕಾರ ಈ ಗಂಟೆಗಳನ್ನು ಕಡಿಮೆ ಮಾಡಿತೇ? 2023ರಲ್ಲಿ ಕರ್ನಾಟಕದ ವಿಧಾನಮಂಡಲವು ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು 9 ಗಂಟೆಯಿಂದ 12 ಗಂಟೆಯವರೆಗೆ ಚಾಚಲು ದಾರಿ ಮಾಡಿತು. 12 ಗಂಟೆ ಎಚ್ಚರವಾಗಿ ನಿಲ್ಲು ಎಂದು ಕಾನೂನು ಮಾಡುವವರೇ ಎಚ್ಚರವಾಗಿಡುವ ಸೊಪ್ಪನ್ನು ತಿನ್ನಬೇಡ ಎಂದು ಭಾಷಣ ಮಾಡುತ್ತಾರೆ! ಪ್ರತಿ ವರ್ಷ ಮೇ 31ರಂದು ತಂಬಾಕು ವಿರೋಧಿ ದಿನದ ಮೆರವಣಿಗೆ ನಡೆಯುತ್ತದೆ. ಶಾಲಾಮಕ್ಕಳ ಕೈಗೆ ಫಲಕ ಕೊಡುತ್ತಾರೆ. ಆ ಫಲಕ ಕೆಲಸದ ಗಂಟೆಗಳ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಹೆಂಗಸರ ಮಾತನ್ನೂ ಇಲ್ಲಿ ಹೇಳಬೇಕು. ಭಟ್ಟಿಯಲ್ಲಿ ದುಡಿಯುವ ಅಕ್ಕಂದಿರು ಬೀಡಿ ಸೇದಿದರೆ ಕೇರಿಯಲ್ಲಿ ತಲೆಯೆತ್ತುವಂತಿಲ್ಲ; ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿದರೆ ಯಾರೂ ಕೇಳುವುದಿಲ್ಲ. ಎಷ್ಟೋ ಮಂದಿಗೆ ಇದು ಶುರುವಾದದ್ದು ಹಲ್ಲುನೋವಿಗೆ. ಹಲ್ಲಿನ ಡಾಕ್ಟರ ಬಾಗಿಲಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು, ಕೈಯಲ್ಲಿ ಹಣವೂ ಬೇಕು. ಹೊಗೆಸೊಪ್ಪಿನ ಚೂರು ಪಕ್ಕದ ಮನೆಯಲ್ಲೇ ಸಿಗುತ್ತದೆ. ನೋವು ಹೋಯಿತು, ಸೊಪ್ಪು ಉಳಿಯಿತು.

ದಿನವೂ ಏಕೆ?

ಒಮ್ಮೆ ಹಾಕಿದವನು ದಿನವೂ ಏಕೆ ಹಾಕುತ್ತಾನೆ? ಮನಸ್ಸು ಗಟ್ಟಿಯಿಲ್ಲ ಎಂದು ಉಪದೇಶಕರು ಹೇಳುತ್ತಾರೆ. ತಂಬಾಕಿನಲ್ಲಿ ನಿಕೋಟಿನ್ ಎಂಬ ವಸ್ತುವಿದೆ. ಸುಣ್ಣ ಬೆರೆಸಿದರೆ ಅದು ಬಾಯಿಯ ತೆಳುವಾದ ಚರ್ಮದ ಮೂಲಕ ಸುಲಭವಾಗಿ ರಕ್ತಕ್ಕೆ ಇಳಿಯುತ್ತದೆ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವ ಕ್ರಮ ರುಚಿಗಾಗಿ ಎಂದುಕೊಂಡಿದ್ದೇವೆ. ನಿಜವಾಗಿ ಅದು ನಿಕೋಟಿನ್ನಿಗೆ ಬಾಗಿಲು ತೆರೆಯುವ ಕೀಲಿ. ರಕ್ತಕ್ಕೆ ಇಳಿದ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಮೈ ಜಡ, ತಲೆ ಭಾರ, ಸುಮ್ಮಸುಮ್ಮನೆ ಸಿಟ್ಟು. ಮತ್ತೆ ಒಂದು ಹಾಕಿದರೆ ಸಮಾಧಾನ. ಈ ಸಮಾಧಾನ ಹೊಸದಾಗಿ ಬಂದ ಸುಖವೇನೂ ಅಲ್ಲ. ಹಿಂದಿನ ಪೊಟ್ಟಣ ಹಚ್ಚಿದ ಉರಿಯನ್ನು ಮುಂದಿನ ಪೊಟ್ಟಣ ಆರಿಸುತ್ತದೆ, ಅಷ್ಟೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಅರ್ಧ ಗಂಟೆಯೊಳಗೆ ಬಾಯಿಗೆ ಬೇಕೆನಿಸಿದರೆ ಆತ ಇದರ ಜೀತಕ್ಕೆ ಬಿದ್ದಿದ್ದಾನೆ ಎಂದು ವೈದ್ಯರು ತಿಳಿಯುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಹಾಕದೆ ಬಹಿರ್ದೆಸೆಗೂ ಹೋಗುವುದಿಲ್ಲ! ಸಾಹುಕಾರನ ಜೀತದಲ್ಲಿ ಬಡ್ಡಿ ಕಟ್ಟಿ ಅಸಲು ತೀರದಂತೆಯೇ ಇದೂ.

ಇನ್ನು, ಇದು ನಮ್ಮ ಸಂಪ್ರದಾಯ ಎನ್ನುವವರಿದ್ದಾರೆ. ತಾಂಬೂಲ ನಮ್ಮದು, ನಿಜ. ಮದುವೆಗೂ ಪೂಜೆಗೂ ಎಲೆ ಅಡಿಕೆ ಬೇಕು. ಆದರೆ ತಂಬಾಕು ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಈ ದೇಶಕ್ಕೆ ಬಂದದ್ದು. ತಾಂಬೂಲದ ಬೆನ್ನೇರಿ ಮನೆಯೊಳಗೆ ನುಗ್ಗಿತು. ಅಜ್ಜಿಯ ಎಲೆಚೀಲದಲ್ಲಿದ್ದ ಹೊಗೆಸೊಪ್ಪೂ ಕೇಡೇ ಆಗಿತ್ತು. ಆದರೆ ಎಲೆ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ ಹಾಕಲು ಕುಳಿತು ಬಿಡುವು ಮಾಡಿಕೊಳ್ಳಬೇಕಾಗಿತ್ತು. ಗುಟ್ಕಾ ಕಂಪೆನಿಗಳು ಆ ಬಿಡುವನ್ನೇ ಕಿತ್ತುಹಾಕಿದವು. 1980ರ ದಶಕದಿಂದೀಚೆಗೆ ಎಲ್ಲವನ್ನೂ ಮೊದಲೇ ಬೆರೆಸಿ, ಸುವಾಸನೆ ಹಚ್ಚಿ, ಬೆರಳಗಲದ ಪೊಟ್ಟಣದಲ್ಲಿ ತುಂಬಿ ದೇಶದ ತುಂಬ ಹಬ್ಬಿಸಿದರು. ಹಲ್ಲಿನಲ್ಲಿ ಹರಿದರೆ ಸಾಕು. ಬಡವನ ಕಿಸೆಗೆ ತಕ್ಕ ಬೆಲೆ, ಕೂಲಿಯವನ ಬಿಡುವಿಗೆ ತಕ್ಕ ಗಾತ್ರ. ಇಡೀ ಚೀಲ ಅಕ್ಕಿಯನ್ನು ಒಮ್ಮೆಗೇ ಕೊಳ್ಳಲಾರದವನು ಸೇರು ಲೆಕ್ಕದಲ್ಲಿ ಕೊಂಡು ಹೆಚ್ಚು ತೆರುತ್ತಾನಲ್ಲ, ಪೊಟ್ಟಣದ ವ್ಯಾಪಾರವೂ ಅದೇ ಬಡತನದ ಮೇಲೆ ಕಟ್ಟಿದ್ದು.

ನಾನು ಮೇಷ್ಟ್ರಾಗಿದ್ದವನು, ಒಂದು ಲೆಕ್ಕ ಮಾಡಿಸದೆ ಬಿಡಲಾರೆ. ಒಂದು ಸಲಕ್ಕೆ 10 ರೂಪಾಯಿ ಎಂದು ಹಿಡಿಯಿರಿ. ದಿನಕ್ಕೆ ಆರು ಸಲ. 60 ರೂಪಾಯಿ. ತಿಂಗಳಿಗೆ 1,800. ವರ್ಷಕ್ಕೆ 21,600. ನಿಮ್ಮ ನಿಮ್ಮ ಲೆಕ್ಕವನ್ನು ನೀವೇ ಹಾಕಿ, ಹೆಂಡತಿಯ ಎದುರಿಗೆ ಹಾಕಿ. ನಾವು ಹೋರಾಡಿ ತರುವ ಕೂಲಿಯ ಹೆಚ್ಚಳವನ್ನು ಪೊಟ್ಟಣದವನು ಹೋರಾಟವಿಲ್ಲದೆ ಒಯ್ಯುತ್ತಾನೆ.

ಕಾನೂನು ಯಾರನ್ನು ಹಿಡಿಯುತ್ತದೆ?

ಸರಕಾರ ಸುಮ್ಮನೆ ಕುಳಿತಿಲ್ಲ, ಕಾಯಿದೆಗಳಿವೆ ಎನ್ನಬಹುದು. ಹೌದು, ಕಾಯಿದೆಗಳಿಗೆ ಬರವಿಲ್ಲ. 2003ರ ಕೇಂದ್ರ ಕಾಯಿದೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದಿತು, ಜಾಹೀರಾತನ್ನು ತಡೆಯಿತು. 2011ರ ಆಹಾರ ಸುರಕ್ಷಾ ನಿಯಮಗಳು ಯಾವ ಆಹಾರ ಪದಾರ್ಥದಲ್ಲಿಯೂ ತಂಬಾಕು, ನಿಕೋಟಿನ್ ಬೆರೆಸಕೂಡದೆಂದವು. ಅದರ ಆಧಾರದ ಮೇಲೆ 2012ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಮೊದಲು ಗುಟ್ಕಾ ನಿಷೇಧಿಸಿತು. 2013ರ ಮೇ ಕೊನೆಯಲ್ಲಿ ಕರ್ನಾಟಕವೂ ನಿಷೇಧಿಸಿತು.

ಕಂಪೆನಿಗಳು ಏನು ಮಾಡಿದವು? ಬೆರೆಸಕೂಡದು ತಾನೇ? ಬೆರೆಸುವುದಿಲ್ಲ! ಒಂದು ಪೊಟ್ಟಣದಲ್ಲಿ ತಂಬಾಕಿಲ್ಲದ ಪಾನ್ ಮಸಾಲಾ, ಇನ್ನೊಂದು ಪುಟ್ಟ ಪೊಟ್ಟಣದಲ್ಲಿ ಬರಿಯ ತಂಬಾಕು. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ಕೈಯಿಂದ. ಬೆರೆಸುವ ಕೆಲಸವನ್ನು ಕೊಳ್ಳುವವನ ಅಂಗೈಗೆ ವಹಿಸಿದರು. ಕಾರ್ಖಾನೆಯಲ್ಲಿ ಬೆರೆಸಿದರೆ ಅಪರಾಧ, ಕೂಲಿಯವನ ಅಂಗೈಯಲ್ಲಿ ಬೆರೆಸಿದರೆ ವ್ಯಾಪಾರ! ಈ ಜೋಡಿ ಪೊಟ್ಟಣದ ಚಾಲಾಕಿಯನ್ನು 2016ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಮನಿಸಿ, ನಿಷೇಧವನ್ನು ಪಾಲಿಸಿರೆಂದು ಆಜ್ಞೆ ಮಾಡಿತು. ನಮ್ಮ ಬಸ್ ನಿಲ್ದಾಣದ ಎದುರಿಗೆ ಹೋಗಿ ನಿಂತು ಆ ಆಜ್ಞೆ ಎಲ್ಲಿದೆ ಎಂದು ಹುಡುಕಿ ನೋಡಿ.

ತಂಬಾಕಿನ ಜಾಹೀರಾತು ಕೂಡದು ತಾನೇ? ಏಲಕ್ಕಿಯ ಜಾಹೀರಾತು ಬಂತು. ಹೆಸರು ಅದೇ, ಬಣ್ಣ ಅದೇ, ಅಕ್ಷರದ ಡೌಲು ಅದೇ. ಸಿನಿಮಾ ನಟರು ಏಲಕ್ಕಿ ಬಾಯಿಗೆ ಹಾಕಿಕೊಂಡು ನಗುತ್ತಾರೆ. ನಮ್ಮ ಹುಡುಗರು ಅಂಗಡಿಗೆ ಹೋಗಿ ಆ ಹೆಸರನ್ನು ಹೇಳುತ್ತಾರೆ. ಅಂಗಡಿಯವನು ಕೊಡುವುದು ಏಲಕ್ಕಿಯನ್ನೇ?

ಇನ್ನೊಂದು ಸಂಗತಿ ಕೇಳಿ. ಪಾನ್ ಮಸಾಲಾ, ಗುಟ್ಕಾ ತಯಾರಕರು ಎಷ್ಟು ಪೊಟ್ಟಣ ತಯಾರಿಸಿದರೆಂದು ಸತ್ಯ ಹೇಳುತ್ತಾರೆಂಬ ನಂಬಿಕೆ ಸರಕಾರಕ್ಕೇ ಇರಲಿಲ್ಲ. ಆದುದರಿಂದ 2008ರಲ್ಲಿ ಕೇಂದ್ರ ಸರಕಾರ ಪೊಟ್ಟಣ ಎಣಿಸುವುದನ್ನು ಬಿಟ್ಟು, ಪೊಟ್ಟಣ ಕಟ್ಟುವ ಯಂತ್ರಗಳನ್ನು ಎಣಿಸಿ ಸುಂಕ ಹಾಕುವ ನಿಯಮ ಮಾಡಿತು. ಸುಂಕ ವಸೂಲಿಗೆ ಯಂತ್ರವನ್ನು ಹುಡುಕಿ ಹೋಗಬಲ್ಲ ಸರಕಾರಕ್ಕೆ ವಿಷವನ್ನು ತಡೆಯಲು ಅದೇ ಯಂತ್ರದ ವಿಳಾಸ ಸಿಗುವುದಿಲ್ಲವೇ?

ಯಂತ್ರ ಸಿಗದಿದ್ದರೂ ಉಗುಳುವವನು ಸಿಗುತ್ತಾನೆ. 2024ರಲ್ಲಿ ಕರ್ನಾಟಕ ವಿಧಾನಮಂಡಲ ಅಂಗೀಕರಿಸಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಅದೇ ತಿದ್ದುಪಡಿ ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಬಳಸುವವನ, ಉಗುಳುವವನ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಉಗುಳುವುದು ಹೊಲಸು, ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ 1,000 ರೂಪಾಯಿ ಎಂದರೆ ಒಬ್ಬ ಹಮಾಲನ ಮನೆಯಲ್ಲಿ ಎಷ್ಟು ದಿನದ ಒಲೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯವಿದು.

ಹಳೆಯ ಕಾಲದ ಒಂದು ಕಾಯಿದೆಯನ್ನು ಇಲ್ಲಿ ನೆನೆಯಬೇಕು. 1948ರ ಕಾರ್ಖಾನೆ ಕಾಯಿದೆಯ 20ನೆಯ ಕಲಮು ಪ್ರತಿ ಕಾರ್ಖಾನೆಯಲ್ಲಿ ಸಾಕಷ್ಟು ಉಗುಳುವ ಪಾತ್ರೆಗಳನ್ನು ಇಟ್ಟು, ಅವನ್ನು ಚೊಕ್ಕಟವಾಗಿ ಇಡಬೇಕೆಂದು ಮಾಲೀಕನ ಮೇಲೆ ಹೊಣೆ ಹೊರಿಸಿತ್ತು. ಬೇರೆ ಕಡೆ ಉಗುಳಿದ ಕಾರ್ಮಿಕನಿಗೆ ಹೆಚ್ಚೆಂದರೆ 5 ರೂಪಾಯಿ ದಂಡ. ಅದೇ ಕಾಯಿದೆ ಕುಡಿಯುವ ನೀರು, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯ ವಿರಾಮ ಇವನ್ನೂ ಹೇಳಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಹಳೆಯದು ಜಾರಿಯಲ್ಲಿದ್ದ ಎಪ್ಪತ್ತಾರಕ್ಕೂ ಹೆಚ್ಚು ವರ್ಷಗಳಲ್ಲಿ ಗೋಡೆಯನ್ನು ತೋರಿಸಿದ ಮಾಲೀಕರು ಎಷ್ಟು ಪಾತ್ರೆಗಳನ್ನು ಇಟ್ಟಿದ್ದರು? ನಾನು ಆ ಗಿರಣಿಯ ಅಂಗಳವನ್ನೆಲ್ಲ ಸುತ್ತಿದ್ದೇನೆ. ಒಂದನ್ನೂ ಕಂಡಿಲ್ಲ.

ತಂಬಾಕಿನಿಂದ ತೆರಿಗೆ ಬರುತ್ತದೆ, ಬೊಕ್ಕಸ ತುಂಬುತ್ತದೆ ಎಂದು ಪಿಸುಗುಟ್ಟುವವರಿದ್ದಾರೆ. ತಂಬಾಕಿನ ರೋಗಗಳಿಂದಲೂ ಅಕಾಲ ಮರಣಗಳಿಂದಲೂ 2017-18ರಲ್ಲಿ ದೇಶಕ್ಕೆ ಆದ ನಷ್ಟ 1,77,341 ಕೋಟಿ ರೂಪಾಯಿ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಬಂದದ್ದು ಬೊಕ್ಕಸಕ್ಕೆ, ಹೋದದ್ದು ಯಾರ ಮನೆಯಿಂದ?

ಸಣ್ಣ ವ್ಯಾಪಾರಿ ಮಿತ್ರರಿಗೆ

ಗೂಡಂಗಡಿಯ ಅಣ್ಣಂದಿರೇ, ಈ ಲೇಖನ ನಿಮ್ಮ ಮೇಲಿನ ದಾಳಿಯಲ್ಲ. ಅಧಿಕಾರಿಗಳು ದಾಳಿಗೆ ಬಂದರೆ ಮೊದಲು ಬರುವುದು ನಿಮ್ಮ ಹಲಗೆಯ ಮೇಲೆ. ತೂಗುಹಾಕಿದ ಸರಗಳನ್ನು ಕಿತ್ತು, ದಂಡದ ರಸೀತಿ ಕೊಟ್ಟು, ಪತ್ರಿಕೆಗೆ ಚಿತ್ರ ಕೊಟ್ಟು ಹೋಗುತ್ತಾರೆ. ನಿಮಗೆ ಮಾಲು ಹಾಕಿದ ಸಗಟು ವ್ಯಾಪಾರಿಯ ಗೋದಾಮು ಅವರ ದಾರಿಯಲ್ಲಿ ಬರುವುದೇ ಇಲ್ಲ. ಅಪಾಯವೆಲ್ಲ ನಿಮ್ಮದು, ಪೊಟ್ಟಣಕ್ಕೆ ಸಿಗುವ ಚಿಲ್ಲರೆ ಕಾಸು ನಿಮ್ಮದು, ಕೋಟಿ ಅವರದು.

"ನಾನು ಇಡದಿದ್ದರೆ ಪಕ್ಕದವನು ಇಡುತ್ತಾನೆ, ಗಿರಾಕಿ ಚಹಾಕ್ಕೂ ಅಲ್ಲಿಗೇ ಹೋಗುತ್ತಾನೆ" ಎಂದು ನೀವು ಹೇಳುತ್ತೀರಿ. ಮಾತು ನಿಜ. ಅದಕ್ಕೇ ಒಬ್ಬೊಬ್ಬರೇ ಬಿಡಿರೆಂದು ನಾನು ಹೇಳಲಾರೆ. ಶಾಲೆಯ ಹತ್ತಿರದ ನಾಲ್ಕೈದು ಅಂಗಡಿಯವರು ಕೂಡಿ ಒಂದೇ ದಿನ ಸರ ಇಳಿಸಿ. ಮಕ್ಕಳ ಕೈಗೆ ಯಾರೂ ಕೊಡಬೇಡಿ. ಒಬ್ಬರನ್ನೊಬ್ಬರು ಕಾಯಿರಿ. ನಿಮ್ಮ ಮೇಲೆ ದಂಡ ಹಾಕಲು ಬಂದವರಿಗೆ ಮಾಲು ಹಾಕಿದವನ ಹೆಸರನ್ನು ಬರೆದುಕೊಳ್ಳಿರೆಂದು ಎಲ್ಲರೂ ಸೇರಿ ಹೇಳಿ. ಆ ದಿನ ನಮ್ಮ ಸಂಘದವರು ನಿಮ್ಮ ಅಂಗಡಿಯ ಮುಂದೆ ನಿಮ್ಮ ಪರವಾಗಿ ನಿಲ್ಲುತ್ತಾರೆ.

ಅಡಿಕೆ ಬೆಳೆಗಾರರ ಮಾತೂ ಇದೆ. ಚನ್ನಗಿರಿ ನಮ್ಮ ಜಿಲ್ಲೆಯದೇ. "ಅಡಿಕೆಯ ವಿಷಯ ಬರೆಯಬೇಡಿ, ಆ ಕಡೆ ಮತ ಹೋಗುತ್ತದೆ" ಎಂದು ನಮ್ಮವರೊಬ್ಬರು ನನಗೆ ಬುದ್ಧಿ ಹೇಳಿದರು. ಸುಳ್ಳು ಹೇಳಿ ಪಡೆದ ಮತ ನಮಗೆ ಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ, ಬಾಯಿ ಬಿಗಿಯುವ ರೋಗಕ್ಕೆ ಅದೇ ಮುಖ್ಯ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ತಜ್ಞರು 2004ರಲ್ಲಿಯೇ ಹೇಳಿದ್ದಾರೆ. ಬೆಳೆಗಾರ ಈ ರೋಗವನ್ನು ಕಂಡುಹಿಡಿದವನಲ್ಲ. ಪಾನ್ ಮಸಾಲಾದವರು ಕೊಳ್ಳುವ ದಿನ ಬೆಲೆ ಏರಿ, ಕೈಬಿಟ್ಟ ದಿನ ಬೆಲೆ ಕುಸಿದು ಆತನೂ ಅವರ ಕೈಗೊಂಬೆಯಾಗಿದ್ದಾನೆ. ಬೆಲೆ ಕೇಳಿದ ಬೆಳೆಗಾರನ ಗತಿಯನ್ನು 1981ರ ಏಪ್ರಿಲ್‌ನಲ್ಲಿ ನಿಪ್ಪಾಣಿ ಕಂಡಿತು. ಅಲ್ಲಿ ರಸ್ತೆಗಿಳಿದ ತಂಬಾಕು ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಆದುದರಿಂದ ಬೆಳೆಗಾರನಿಗೆ ಬೇರೆ ಬೆಳೆಯ ದಾರಿಯನ್ನೂ ಅದಕ್ಕೆ ನಿಂತು ಕಾಯುವ ಬೆಲೆಯನ್ನೂ ಸರಕಾರ ಒದಗಿಸಬೇಕು. ಅದಿಲ್ಲದೆ ಅವನನ್ನು ಬೈದು ಫಲವಿಲ್ಲ.

ಇನ್ನು ನಮ್ಮ ಕಡೆಗೆ

ಉಳಿದ ಕಾಲು ಪಾಲು ನಮಗೆ ಎಂದೆನಲ್ಲ, ಅದನ್ನು ನನ್ನಿಂದಲೇ ಶುರುಮಾಡುತ್ತೇನೆ.

ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ದಿನವೂ ಜಗಿಯುತ್ತಿದ್ದೆ. ತರಗತಿ ಬಿಟ್ಟು ಹೊರಗೆ ಹೋಗುವುದು ಮೇಷ್ಟ್ರ ಗೌರವಕ್ಕೆ ಕಡಿಮೆ. ಅದಕ್ಕೆ ಮುಂದಿನ ಬೆಂಚಿನ ಚುರುಕಾದ ಹುಡುಗನ ಕೈಗೆ ಕಾಸು ಕೊಟ್ಟು ಗೂಡಂಗಡಿಗೆ ಕಳಿಸುತ್ತಿದ್ದೆ. ನೂರು ಗಜದ ಕಾಯಿದೆ ಆಗಲೂ ಇತ್ತು. ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ ಅವನು.

ಎರಡು ವರ್ಷಗಳ ಹಿಂದೆ ಒಂದು ಗಿರಣಿಯ ಗೇಟಿನಲ್ಲಿ ಸಭೆ ಮಾಡುವಾಗ ಅವನು ಸಿಕ್ಕ. ಚೀಲ ಹೊರುವ ಕೆಲಸಕ್ಕೆ ಸೇರಿದ್ದ. ಕೆನ್ನೆ ಉಬ್ಬಿತ್ತು. "ಇದೇನಪ್ಪಾ, ಇಷ್ಟು ಚಿಕ್ಕ ವಯಸ್ಸಿಗೆ?" ಎಂದು ಕೇಳಿದೆ. ಅವನು ನಾಚಿಕೊಂಡು ನಕ್ಕ. "ನಿಮಗೆ ತರೋವಾಗ ಒಂದೊಂದು ಚಿಟಿಕೆ ರುಚಿ ನೋಡ್ತಿದ್ದೆ ಸಾರ್, ಹಂಗೇ ಆತು" ಎಂದ. ಬೈದು ಹೇಳಲಿಲ್ಲ, ನೆನಪಿಸಿಕೊಂಡು ಹೇಳಿದ. ಬಾಯಿ ತೆರೆ ನೋಡೋಣ ಎಂದೆ. ಮೂರು ಬೆರಳು ಹೋಗಬೇಕಾದ ಬಾಯಿಗೆ ಎರಡೇ ಹೋದವು.

ಅಂದಿನಿಂದ ನಾನು ಮುಟ್ಟಿಲ್ಲ. ಇದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ನಾನು ಬಿಟ್ಟರೆ ಅವನ ಬಾಯಿ ತೆರೆಯುವುದಿಲ್ಲ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬಿಗಿದ ಬಾಯಿ ಮತ್ತೆ ಮೊದಲಿನಂತಾಗುವುದು ಕಷ್ಟ, ಆದರೆ ಜಗಿಯುವುದನ್ನು ಬಿಟ್ಟರೆ ಮುಂದಿನ ಕೇಡಿನ ಭಯ ಕಡಿಮೆ ಎಂದು ವೈದ್ಯರು ಹೇಳಿದ್ದಾರೆ. ಅವನು ಬಿಟ್ಟಿದ್ದಾನೆ; ಎರಡು ಸಲ ಮತ್ತೆ ಹಿಡಿದು, ಮೂರನೆಯ ಸಲ ಬಿಟ್ಟಿದ್ದಾನೆ. ನನ್ನ ಕೈಯಾರೆ ಹಚ್ಚಿದ ದೀಪಗಳನ್ನು ನಾನು ಎಣಿಸಿಕೊಳ್ಳುವುದಾದರೆ ಈ ಕತ್ತಲೆಯನ್ನೂ ಎಣಿಸಿಕೊಳ್ಳಬೇಕು.

ನಮ್ಮ ಸಂಘದ ಕಚೇರಿಯ ಮೂಲೆಯನ್ನು ನೋಡಿ. ಮುಷ್ಕರದ ರಾತ್ರಿಗಳಲ್ಲಿ ಭಿತ್ತಿಪತ್ರ ಅಂಟಿಸಲು ಹೋಗುವ ಹುಡುಗರಿಗೆ ನಾವೇ ಪೊಟ್ಟಣ ಹಂಚುತ್ತೇವೆ. ಹೊಸಬನೊಬ್ಬ ಬಂದರೆ ಪೊಟ್ಟಣ ಹರಿದು ಅರ್ಧ ಕೊಡುವುದು ಸ್ನೇಹದ ಗುರುತು. ಬೇಡವೆಂದರೆ ಆತ ನಮ್ಮವನಲ್ಲ. ಹೀಗೆ ಕಂಪೆನಿಯವನ ಪ್ರಚಾರಕರಾಗಿ, ಸಂಬಳವಿಲ್ಲದೆ ದುಡಿಯುತ್ತಿರುವವರು ನಾವೇ!

ಮಾಡಬೇಕಾದದ್ದು ಇದು. ಸಂಘದ ಕಚೇರಿಯಲ್ಲೂ ಗೇಟ್ ಸಭೆಯಲ್ಲೂ ಪೊಟ್ಟಣ ಬೇಡ. ಹಂಚುವುದಿದ್ದರೆ ಹುರಿಗಡಲೆ ಹಂಚೋಣ, ಮಂಡಕ್ಕಿಯ ಊರು ನಮ್ಮದು. ಬಿಡಬೇಕೆನ್ನುವವರು ಒಬ್ಬೊಬ್ಬರೇ ಬಿಡಬೇಡಿ. ಪಾಳಿಯ ನಾಲ್ಕು ಜನ ಜೊತೆಯಾಗಿ ಬಿಡಿ. ಮೊದಲ ವಾರ ಕಷ್ಟ: ತಲೆ ಸಿಡಿತ, ಸಿಟ್ಟು, ನಿದ್ದೆಗೇಡು. ಕೆಲವು ವಾರಗಳಲ್ಲಿ ಇಳಿಯುತ್ತದೆ. ಸಹಾಯಕ್ಕೆ ಸರಕಾರದ ಉಚಿತ ದೂರವಾಣಿ ಇದೆ: 1800-11-2356. ನಮ್ಮ ತೆರಿಗೆಯಲ್ಲಿ ನಡೆಯುವುದು, ಉಪಯೋಗಿಸಿಕೊಳ್ಳಿ. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಬಾಯಿ ತೆರೆಯಿರಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮೂರು ಬೆರಳು ಹೋಗದ ಬಾಯಿ, ಇವುಗಳಲ್ಲಿ ಒಂದಿದ್ದರೂ ಮರುದಿನವೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕೂಲಿ ಹೋಗುತ್ತದೆಂದು ಕೂರಬೇಡಿ.

ಇದರ ಜೊತೆಗೆ ನಮ್ಮ ಬೇಡಿಕೆಯ ಪಟ್ಟಿಗೆ ಹೊಸ ಸಾಲುಗಳು ಸೇರಲಿ. ಮಾಲೀಕರು ಐದು ಗಂಟೆ ದುಡಿತಕ್ಕೆ ಅರ್ಧ ಗಂಟೆ ಬಿಡುವು ಕೊಡಬೇಕು. ರಾತ್ರಿಪಾಳಿಗೆ ಚಹಾ, ಕುಡಿಯುವ ನೀರು, ಕುಳಿತು ಉಣ್ಣುವ ಜಾಗ ಬೇಕು. ದಿನಕ್ಕೆ ಎಂಟೇ ಗಂಟೆ. ಹಮಾಲರಿಗೂ ಇ.ಎಸ್.ಐ. ಚೀಟಿ, ವರ್ಷಕ್ಕೊಮ್ಮೆ ಬಾಯಿ ಪರೀಕ್ಷೆ. ಸರಕಾರ ಜೋಡಿ ಪೊಟ್ಟಣವನ್ನು ಗುಟ್ಕಾ ಎಂದೇ ಪರಿಗಣಿಸಿ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಬೇಕು. ಏಲಕ್ಕಿಯ ವೇಷದ ಜಾಹೀರಾತನ್ನು ತೆಗೆಯಬೇಕು.

ಮುಂದಿನ ತಿಂಗಳು ಅದೇ ಕಚೇರಿಯಲ್ಲಿ, ಅದೇ ಮೇಜಿನ ಮುಂದೆ ಮತ್ತೆ ಮಾತುಕತೆ ಇದೆ. ಹಿಂದಿನ ಐವರೇ ಬರುತ್ತಾರೆ. ಒಳಗೆ ಕಾಲಿಡುವ ಮುನ್ನ ಐವರೂ ಬಾಯಿ ಮುಕ್ಕಳಿಸಿ ಬರಬೇಕೆಂದು ಸಂಘ ತೀರ್ಮಾನಿಸಿದೆ. ಮಾಲೀಕರು ಮತ್ತೆ ಗೋಡೆ ತೋರಿಸಲಿ. ಗೋಡೆಗೆ ಸುಣ್ಣ ಬಳಿಯುವ ಕೆಲಸವನ್ನು ನಾವೇ ಒಂದು ಭಾನುವಾರ ಮಾಡಿಕೊಡುತ್ತೇವೆ. ಆಮೇಲೆ ಚೀಲದ ದರದ ಮಾತು. ಆ ಹೊತ್ತಿಗೆ ಐವರ ಬಾಯಿಯೂ ಖಾಲಿ ಇರುತ್ತದೆ, ಐವರೂ ಮಾತಾಡುತ್ತಾರೆ.